ಗೇರ್‌ಬಾಕ್ಸ್ ಮೊದಲೇ ಹೇಳಿರುತ್ತದೆ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ, ಲಿವರನ್ನು ಪಾರ್ಕ್‌ನಿಂದ ಡ್ರೈವ್‌ಗೆ ಎಳೆದು, ಬ್ರೇಕ್ ಬಿಟ್ಟೆ. ಕಾರು ಕದಲಲಿಲ್ಲ. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಕೆಳಗಿನಿಂದ ಯಾರೋ ಗುದ್ದಿದ ಹಾಗೆ ಸಣ್ಣದೊಂದು ಪೆಟ್ಟು. ಮತ್ತೆ ಎಂದಿನ ಓಟ. ಹತ್ತು ನಿಮಿಷ ಓಡಿದ ಮೇಲೆ ಎಲ್ಲ ಸರಿಹೋಯಿತು. ತಣ್ಣಗಿದ್ದಾಗ ಯಾವ ಗಾಡಿಯಾದರೂ ಸ್ವಲ್ಪ ಮೊಂಡು ಹಿಡಿಯುತ್ತದೆ ಅಂದುಕೊಂಡು ಎರಡು ತಿಂಗಳು ಹಾಗೇ ಓಡಿಸಿದೆ.

ಕೊನೆಗೆ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆಗೇ ನನ್ನ ಹತ್ತಿರ ಉತ್ತರ ಇರಲಿಲ್ಲ. "ರಿವರ್ಸ್‌ಗೆ ಹಾಕಿದಾಗಲೂ ಹೀಗೇ ತಡ ಆಗುತ್ತಾ, ಡ್ರೈವ್‌ಗೆ ಹಾಕಿದಾಗ ಮಾತ್ರನಾ?" ನಾನು ಗಮನಿಸಿಯೇ ಇರಲಿಲ್ಲ.

ಗೇರ್‌ಬಾಕ್ಸ್ ಇದ್ದಕ್ಕಿದ್ದಂತೆ ಕೆಡುವುದು ಕಡಿಮೆ. ಹೆಚ್ಚಿನ ಸಲ ವಾರಗಟ್ಟಲೆ, ತಿಂಗಳುಗಟ್ಟಲೆ ಮೊದಲೇ ಸುಳಿವು ಕೊಟ್ಟಿರುತ್ತದೆ. ನಮಗೆ ಸದ್ದು ಕೇಳಿಸುತ್ತದೆ, ಜರ್ಕ್ ಗೊತ್ತಾಗುತ್ತದೆ. ಆದರೆ ಅದು ಯಾವಾಗ ಬಂತು ಎನ್ನುವುದನ್ನು ನಾವು ನೋಡುವುದಿಲ್ಲ. ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಒಂದೇ ಗೇರಿನಲ್ಲಾ, ಎಲ್ಲದರಲ್ಲೂನಾ? ಕ್ಲಚ್ ಒತ್ತಿದಾಗಲಾ, ಬಿಟ್ಟಾಗಲಾ? ಮುಕ್ಕಾಲು ಪಾಲು ರೋಗ ಈ 'ಯಾವಾಗ'ದಲ್ಲೇ ಸಿಕ್ಕಿಬಿಡುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕು ಅಂತ ನನ್ನ ಆಸೆ.

ಡಬ್ಬಿಯ ಒಳಗೆ ಏನು ನಡೆಯುತ್ತದೆ

ಮೊದಲು ಗೇರ್‌ಬಾಕ್ಸ್ ಯಾಕೆ ಬೇಕು ಅಂತ ನೋಡೋಣ. ಎಂಜಿನ್ ತೀರಾ ನಿಧಾನವಾಗಿ ತಿರುಗಲಾರದು, ಆಫ್ ಆಗುತ್ತದೆ. ಸುಮ್ನೆ ನಿಂತಿದ್ದಾಗಲೂ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ಬೇಕೇ ಬೇಕು. ಚಕ್ರವಾದರೋ ಸೊನ್ನೆಯಿಂದ ಶುರುವಾಗಬೇಕು. ಈ ಇಬ್ಬರ ನಡುವೆ ಒಂದು ಒಪ್ಪಂದ ಮಾಡಿಸುವವನೇ ಗೇರ್‌ಬಾಕ್ಸ್. ಫಸ್ಟ್ ಗೇರಿನಲ್ಲಿ ಎಂಜಿನ್ ಮೂರೂವರೆ ಸುತ್ತಿನ ಆಸುಪಾಸು ತಿರುಗಿದರೆ ಗೇರ್‌ಬಾಕ್ಸಿನಿಂದ ಹೊರಗೆ ಬರುವುದು ಒಂದೇ ಸುತ್ತು. ವೇಗ ಕಡಿಮೆ, ಎಳೆಯುವ ಬಲ ಜಾಸ್ತಿ. ಟಾಪ್ ಗೇರಿನಲ್ಲಿ ವೇಗ ಜಾಸ್ತಿ, ಎಳೆಯುವ ಬಲ ಕಡಿಮೆ.

ಮ್ಯಾನುವಲ್ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಒಂದು ಕಡೆ ಫ್ಲೈವೀಲ್, ಇನ್ನೊಂದು ಕಡೆ ಪ್ರೆಶರ್ ಪ್ಲೇಟ್. ಇವೆರಡರ ನಡುವೆ ಕ್ಲಚ್ ಪ್ಲೇಟ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಪೆಡಲ್ ಒತ್ತಿದರೆ ಹಿಡಿತ ಬಿಡುತ್ತದೆ, ಕಾಲು ತೆಗೆದರೆ ಕಚ್ಚಿಕೊಳ್ಳುತ್ತದೆ. ಒಳಗೆ ಗೇರ್ ಬೀಳುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಒಂದಾಗಬೇಕು. ಅವುಗಳ ವೇಗವನ್ನು ಮೊದಲು ಸಮ ಮಾಡುವ ಕೆಲಸ ಸಿಂಕ್ರೋ ರಿಂಗ್‌ನದ್ದು. ತುಂಬಾ ಗೇರ್‌ಬಾಕ್ಸ್‌ಗಳಲ್ಲಿ ಇದು ಹಿತ್ತಾಳೆಯದ್ದು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೋಮೆಶ್ ಬರುವ ಮೊದಲು ಗೇರು ಬದಲಿಸುವುದೇ ಒಂದು ವಿದ್ಯೆಯಾಗಿತ್ತು. ನಡುವೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಎಂಜಿನ್ ವೇಗ ಹೊಂದಿಸಿ, ಮತ್ತೆ ಒತ್ತಬೇಕಿತ್ತು. ಇವತ್ತು ನಾವು ಎರಡು ಬೆರಳಲ್ಲಿ ಗೇರ್ ಹಾಕುತ್ತೇವೆ ಅಂದರೆ ಆ ಸಣ್ಣ ಉಂಗುರಗಳ ಪುಣ್ಯ.

ಆಟೋಮ್ಯಾಟಿಕ್‌ನಲ್ಲಿ ಕಥೆ ಬೇರೆ. ಅಲ್ಲಿ ಎಲ್ಲವೂ ಆಯಿಲ್ ಮೇಲೆ ನಿಂತಿದೆ. ಕ್ಲಚ್ ಪ್ಲೇಟಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಮೂಲಕ ಎಂಜಿನ್ ಬಲವನ್ನು ದಾಟಿಸುವುದು ಆಯಿಲ್. ಒಳಗೆ ಒಂದೊಂದು ಗೇರನ್ನು ಹಿಡಿಯುವ ಪ್ಲೇಟುಗಳ ಕಟ್ಟುಗಳನ್ನು, ಅಂದರೆ ಕ್ಲಚ್ ಪ್ಯಾಕ್‌ಗಳನ್ನು, ಒತ್ತಿ ಹಿಡಿಯುವುದು ಆಯಿಲಿನ ಪ್ರೆಶರ್. ಶಾಖವನ್ನು ಹೊತ್ತು ಕೂಲರ್‌ಗೆ ಒಯ್ಯುವುದೂ ಅದೇ. ಎಂಜಿನ್ ಆಯಿಲ್ ಒಂದಿಷ್ಟು ಕಡಿಮೆಯಾದರೂ ಎಂಜಿನ್ ಓಡುತ್ತದೆ. ಇಲ್ಲಿ ಸ್ವಲ್ಪ ಕಡಿಮೆಯಾದರೂ ಪಂಪ್ ಗಾಳಿ ಎಳೆಯುತ್ತದೆ, ಪ್ರೆಶರ್ ಬೀಳುತ್ತದೆ, ಕ್ಲಚ್ ಪ್ಯಾಕ್ ಜಾರುತ್ತದೆ. ಜಾರಿದರೆ ಶಾಖ. ಶಾಖಕ್ಕೆ ಆಯಿಲ್ ಕೆಡುತ್ತದೆ. ಕೆಟ್ಟ ಆಯಿಲಿನಲ್ಲಿ ಪ್ಲೇಟ್ ಇನ್ನಷ್ಟು ಜಾರುತ್ತದೆ. ಸವೆದ ಪುಡಿ ಅದೇ ಆಯಿಲ್ ಜೊತೆ ಇಡೀ ಗೇರ್‌ಬಾಕ್ಸ್ ಸುತ್ತಿ, ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುವ ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸೀಲ್ ಸೋರಿದ್ದು ಕೊನೆಗೆ ಪೂರ್ತಿ ಗೇರ್‌ಬಾಕ್ಸ್ ಬಿಚ್ಚುವಲ್ಲಿಗೆ ಬರುವುದು ಹೀಗೆ. ಬೇಗ ಹೋಗಿ ತೋರಿಸಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮುಳ್ಳು ಏರುತ್ತದೆ, ಕಾರು ಏರುವುದಿಲ್ಲ

ಎಲ್ಲಕ್ಕಿಂತ ನಂಬಬಹುದಾದ ಸುಳಿವು ಇದು. ಆಕ್ಸಿಲರೇಟರ್ ಒತ್ತುತ್ತೀರಿ. ಎಂಜಿನ್ ಸದ್ದು ಏರುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತದೆ, ಆದರೆ ಸ್ಪೀಡೋಮೀಟರ್ ಅಷ್ಟಕ್ಕಷ್ಟೇ. ಬಲ ಎಲ್ಲೋ ಜಾರಿಹೋಗುತ್ತಿದೆ. ಮ್ಯಾನುವಲ್ ಆದರೆ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ಸವೆದಿದೆ ಅಂತ ಅರ್ಥ. ಶುರುವಿನಲ್ಲಿ ಇದು ಏರು ರಸ್ತೆಯಲ್ಲಿ, ತುಂಬಿದ ಗಾಡಿಯಲ್ಲಿ, ಮೇಲಿನ ಗೇರುಗಳಲ್ಲಿ ಮಾತ್ರ ಕಾಣಿಸುತ್ತದೆ. ಫಸ್ಟ್, ಸೆಕೆಂಡ್‌ನಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ಊರೊಳಗೆ ಮಾತ್ರ ಓಡಿಸುವವರಿಗೆ ತುಂಬಾ ತಡವಾಗಿ ತಿಳಿಯುತ್ತದೆ.

ಪರೀಕ್ಷೆ ಸುಲಭ. ಹಿಂದೆ ಮುಂದೆ ಗಾಡಿ ಇಲ್ಲದ ರಸ್ತೆಯಲ್ಲಿ ಗಂಟೆಗೆ 40ರಿಂದ 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಏದುಸಿರು ಬಿಟ್ಟುಕೊಂಡು ನಿಧಾನವಾಗಿ ಮೇಲೇರುತ್ತದೆ, ಮುಳ್ಳು ಮತ್ತು ವೇಗ ಎರಡೂ ಜೊತೆಜೊತೆಗೆ. ಜಾರುತ್ತಿದ್ದರೆ ಮುಳ್ಳು ಒಂದೇ ಸಲಕ್ಕೆ ಜಿಗಿಯುತ್ತದೆ. ಒಂದು ಸಲ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿ ಪ್ಲೇಟ್ ಸುಡಬೇಡಿ. ಇದರ ಜೊತೆ ಪೆಡಲ್ ತೀರಾ ಮೇಲೆ ಬಂದ ಮೇಲೆ ಕ್ಲಚ್ ಕಚ್ಚುತ್ತಿದ್ದರೆ, ಏರಿನಲ್ಲಿ ಸುಟ್ಟ ವಾಸನೆಯೂ ಬರುತ್ತಿದ್ದರೆ ಅನುಮಾನವೇ ಬೇಡ.

ಆಟೋಮ್ಯಾಟಿಕ್‌ನಲ್ಲಿ ಜಾರುವುದು ಗೇರ್ ಬದಲಾಗುವ ಆ ಒಂದು ಕ್ಷಣದಲ್ಲಿ ಕಾಣುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮುಳ್ಳು ಇಳಿಯಬೇಕು. ಅದರ ಬದಲು ಒಮ್ಮೆ ಮೇಲೆ ಹಾರಿ, ಆಮೇಲೆ ಇಳಿದರೆ, ಹಿಡಿಯಬೇಕಾದ ಕ್ಲಚ್ ಪ್ಯಾಕ್ ತಡವಾಗಿ ಹಿಡಿಯುತ್ತಿದೆ. ಒಂದೇ ಗೇರಿನಲ್ಲಿ ಹೀಗಾದರೆ ಆ ಗೇರಿನ ಕ್ಲಚ್ಚು ಅಥವಾ ಅದಕ್ಕೆ ಆಯಿಲ್ ಬಿಡುವ ಸೊಲೆನಾಯ್ಡ್ ಮೇಲೆ ಕಣ್ಣು. ಎಲ್ಲ ಗೇರಿನಲ್ಲೂ ಆದರೆ ಮೊದಲು ನೋಡಬೇಕಾದ್ದು ಆಯಿಲ್ ಮಟ್ಟ, ಆಮೇಲೆ ಪಂಪಿನ ಪ್ರೆಶರ್.

ಪೆಡಲ್ ಒತ್ತಿ, ಕಿವಿಗೊಡಿ

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಏನೂ ಬಿಚ್ಚಬೇಕಾಗಿಲ್ಲ. ಕಾರು ನಿಂತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ಓಡುತ್ತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಸಿ, ರೇಡಿಯೋ ಆಫ್ ಮಾಡಿ.

ಈಗ ಕ್ಲಚ್ ಮೇಲೆ ಕಾಲಿಲ್ಲ. ಗೇರ್‌ಬಾಕ್ಸ್ ಕಡೆಯಿಂದ ಗರಗರ ಅಥವಾ ಗುಂಯ್ ಅನ್ನುವ ಸದ್ದು ಬರುತ್ತಿದೆ ಅಂದುಕೊಳ್ಳಿ. ಪೆಡಲನ್ನು ಪೂರ್ತಿ ಒತ್ತಿ. ಸದ್ದು ನಿಂತಿತಾ? ಕ್ಲಚ್ ಬಿಟ್ಟಿದ್ದಾಗ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಿರುತ್ತದೆ. ಒತ್ತಿದ ಕೂಡಲೇ ಅದು ನಿಲ್ಲುತ್ತದೆ. ಅದರ ಜೊತೆಗೇ ಸದ್ದೂ ನಿಂತಿದೆ ಅಂದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಮೊದಲ ಅನುಮಾನ. ಆಯಿಲ್ ಕಡಿಮೆಯಾಗಿದ್ದರೂ ಹೀಗಾಗಬಹುದು.

ಇದಕ್ಕೆ ಉಲ್ಟಾ, ಕಾಲಿಲ್ಲದಾಗ ಸದ್ದಿಲ್ಲ, ಪೆಡಲ್ ಒತ್ತಿದ ಕೂಡಲೇ ಕೀಚ್ ಅಂತ ಶುರುವಾಗುತ್ತದೆ ಅಂದರೆ ಅದು ರಿಲೀಸ್ ಬೇರಿಂಗ್. ಕ್ಲಚ್ ಒತ್ತಿದಾಗ ಮಾತ್ರ ಅದರ ಮೇಲೆ ಭಾರ ಬೀಳುತ್ತದೆ. ಒಂದೇ ಪೆಡಲ್, ಒಂದೇ ಜಾಗ, ಆದರೆ ಕೆಲಸ ಎರಡು ಬೇರೆ ಬೇರೆ. ಮೊದಲನೆಯದಕ್ಕೆ ಗೇರ್‌ಬಾಕ್ಸನ್ನೇ ತೆರೆಯಬೇಕು. ಎರಡನೆಯದಕ್ಕೆ ಗೇರ್‌ಬಾಕ್ಸ್ ಇಳಿಸಿದರೆ ಸಾಕು, ಒಳಗೆ ಕೈ ಹಾಕಬೇಕಾಗಿಲ್ಲ. ಹೇಗೂ ಇಳಿಸುತ್ತಾರಲ್ಲ, ಆಗ ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಅಂತ ನೋಡಿಸಿಬಿಡಿ.

ಓಡುವಾಗ ಬರುವ ಸದ್ದಿಗೂ ಇದೇ ತರ್ಕ. ಸದ್ದು ಯಾರ ಜೊತೆ ಏರಿಳಿಯುತ್ತದೆ ನೋಡಿ. ಗೇರ್ ಬದಲಿಸಿದರೂ ಸದ್ದು ಬದಲಾಗದೆ ಕಾರಿನ ವೇಗದ ಜೊತೆ ಮಾತ್ರ ಏರುತ್ತಿದ್ದರೆ ಅದು ಟೈರು, ವೀಲ್ ಬೇರಿಂಗ್ ಅಥವಾ ಬಲವನ್ನು ಎರಡೂ ಕಡೆಯ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಇರಬಹುದು. ಸ್ಟೀರಿಂಗನ್ನು ಒಂದು ಕಡೆ ಸ್ವಲ್ಪ ಎಳೆದಾಗ ಗುಂಯ್ ಜಾಸ್ತಿಯಾಗಿ, ಇನ್ನೊಂದು ಕಡೆಗೆ ಕಡಿಮೆಯಾದರೆ ಹೆಚ್ಚಾಗಿ ವೀಲ್ ಬೇರಿಂಗೇ. ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಟಕಟಕ ಅಂದರೆ ಆಕ್ಸೆಲ್ ತುದಿಯ ಸಿವಿ ಜಾಯಿಂಟ್. ಮೂರನೇ ಗೇರಿನಲ್ಲಿ ಮಾತ್ರ ಗುಂಯ್, ನಾಲ್ಕಕ್ಕೆ ಹಾಕಿದ ಕೂಡಲೇ ಮಾಯ ಅಂದರೆ ಮಾತ್ರ ಗೇರ್‌ಬಾಕ್ಸ್ ಒಳಗಿನ ಹಲ್ಲುಗಳ ಬಗ್ಗೆ ಯೋಚಿಸಬೇಕು. ಇಷ್ಟು ವಿಂಗಡಿಸಿ ಹೇಳಿದರೆ ಗೇರ್‌ಬಾಕ್ಸ್ ಸುಮ್ಮಸುಮ್ಮನೆ ಬಿಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಕರ್ರ್ ಅನ್ನುವ ಗೇರು, ಜಿಗಿಯುವ ಗೇರು

ಗೇರ್ ಹಾಕುವಾಗ ಕರ್ರ್ ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಗೇರು? ಒಂದೇ ಗೇರಿನಲ್ಲಿ ಕರ್ರ್ ಅಂದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿದೆ. ವೇಗವಾಗಿ ಹಾಕಿದಾಗ ಸದ್ದು ಬಂದು, ನಿಧಾನವಾಗಿ ಹಾಕಿದರೆ ಬಾರದೇ ಇದ್ದರೆ ಇನ್ನೂ ಶುರುವಿನ ಹಂತ. ಎಲ್ಲ ಗೇರಿನಲ್ಲೂ ಕರ್ರ್, ಅದರಲ್ಲೂ ನಿಂತ ಕಾರಿನಲ್ಲಿ ಫಸ್ಟ್ ಹಾಕುವುದೇ ಕಷ್ಟ ಅಂದರೆ ಗೇರ್‌ಬಾಕ್ಸಿನ ತಪ್ಪಿರಲಾರದು. ಪೆಡಲ್ ಒತ್ತಿದಾಗಲೂ ಕ್ಲಚ್ ತನ್ನ ಹಿಡಿತವನ್ನು ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಕ್ಲಚ್ (ಪೆಡಲಿನ ಒತ್ತಡವನ್ನು ಫ್ಲೂಯಿಡ್ ದಾಟಿಸುವಂಥದ್ದು) ಆಗಿದ್ದರೆ ಆ ಫ್ಲೂಯಿಡ್ ಸೋರಿದೆಯಾ, ಒಳಗೆ ಗಾಳಿ ಸೇರಿದೆಯಾ ನೋಡಿಸಿ. ಪೆಡಲ್ ಮೆತ್ತಗಾಗಿದ್ದು, ಎರಡು ಮೂರು ಸಲ ಪಂಪ್ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತಿದ್ದರೆ ದಾರಿ ಅತ್ತಲೇ. ತುಂಬಾ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಫ್ಲೂಯಿಡ್ ಹೋಗುತ್ತದೆ. ಹಾಗಾಗಿ ಈ ಸೋರಿಕೆಯನ್ನು ಇವತ್ತು ನಾಳೆ ಅಂತ ಮುಂದೂಡಬೇಡಿ.

ರಿವರ್ಸ್ ಮಾತ್ರ ಕರ್ರ್ ಅನ್ನುತ್ತದೆ ಅಂತ ಗಾಬರಿಯಾಗುವವರು ತುಂಬಾ ಜನ. ಹಲವು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದೇ ಇಲ್ಲ. ಕಾರು ಪೂರ್ತಿ ನಿಲ್ಲಲಿ, ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾಯಿರಿ, ಆಮೇಲೆ ಹಾಕಿ.

ಹಾಕಿದ ಗೇರು ತಾನೇ ಜಿಗಿದು ನ್ಯೂಟ್ರಲ್‌ಗೆ ಬಂದರೆ ಅದು ತಮಾಷೆಯ ವಿಷಯವಲ್ಲ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಒಮ್ಮೆಲೇ ತಪ್ಪುತ್ತದೆ. ಗೇರನ್ನು ಹಿಡಿದಿಡುವ ಹಲ್ಲುಗಳು ಸವೆದು ಮೂಲೆ ಕಳೆದುಕೊಂಡಿರಬಹುದು. ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ, ಅಂದರೆ ಎಂಜಿನ್ ಮೌಂಟ್ ಹರಿದು, ಆಕ್ಸಿಲರೇಟರ್ ಒತ್ತಿ ಬಿಟ್ಟಾಗೆಲ್ಲ ಗೇರ್‌ಬಾಕ್ಸ್ ಕುಲುಕಾಡುತ್ತಿರಲೂಬಹುದು. ಮೌಂಟ್ ಮೊದಲು ನೋಡಿಸಿ, ಅದು ಸಣ್ಣ ಕೆಲಸ.

ಬಿಳಿ ಕಾಗದದ ಮೇಲೆ ಒಂದು ಹನಿ

ಡಿಪ್‌ಸ್ಟಿಕ್ ಇರುವ ಆಟೋಮ್ಯಾಟಿಕ್ ಕಾರು ನಿಮ್ಮದಾಗಿದ್ದರೆ ಇದನ್ನು ಒಮ್ಮೆ ಮಾಡಿ ನೋಡಿ. ಹೇಗೆ ನೋಡಬೇಕು ಅಂತ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಹೆಚ್ಚಿನವುಗಳಲ್ಲಿ ಕಾರು ಸಮತಟ್ಟಾದ ಜಾಗದಲ್ಲಿ ನಿಂತು, ಆಯಿಲ್ ಬಿಸಿಯಾಗಿದ್ದು, ಎಂಜಿನ್ ಓಡುತ್ತಿರಬೇಕು. ಡಿಪ್‌ಸ್ಟಿಕ್‌ನಿಂದ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪು, ಕೆಲವು ಕಂಪನಿಗಳದ್ದು ಬೇರೆ ಬಣ್ಣ. ಓಡಿದಂತೆ ಕಂದು ಛಾಯೆ ಬರುವುದು ಸಹಜ. ಬಣ್ಣ ಒಂದನ್ನೇ ನೋಡಿ ಹೆದರಬೇಡಿ. ಹನಿ ಹರಡಿದ ಮೇಲೆ ನಡುವೆ ಕಪ್ಪು ಚುಕ್ಕೆ ಉಳಿದಿದೆಯಾ? ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ತಾಗುತ್ತದಾ? ಮೂಗಿಗೆ ಹಿಡಿದರೆ ಸುಟ್ಟ ವಾಸನೆಯಾ? ಹೌದಾದರೆ ಒಳಗೆ ಪ್ಲೇಟ್ ಸವೆಯುತ್ತಿದೆ.

ಗುಲಾಬಿ ಬಣ್ಣದ ಹಾಲಿನ ಹಾಗೆ ಕಂಡರೆ ಆ ಕಾರನ್ನು ಮತ್ತೆ ಓಡಿಸಲೇಬೇಡಿ. ಆಯಿಲಿಗೆ ನೀರು ಅಥವಾ ಕೂಲೆಂಟ್ ಸೇರಿದೆ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲನ್ನು ತಣಿಸುವ ಕೂಲರ್ ರೇಡಿಯೇಟರ್ ಒಳಗೇ ಇರುತ್ತದೆ. ಅದು ಒಳಗೆ ತೂತಾದರೆ ಎರಡೂ ಬೆರೆಯುತ್ತವೆ. ಕ್ಲಚ್ ಪ್ಲೇಟಿನ ಲೈನಿಂಗ್ ನೀರು ಕುಡಿದು ಕಿತ್ತುಬರಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಈಗಿನ ತುಂಬಾ ಕಾರುಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಆಯಿಲ್ ಆಯುಷ್ಯಪೂರ್ತಿ ಬಾಳುತ್ತದೆ, ಬದಲಿಸಬೇಕಾಗಿಲ್ಲ ಅನ್ನುವ ಮಾತೂ ಕೇಳಿಬರುತ್ತದೆ. ನಾನು ಅದನ್ನು ನಂಬುವುದಿಲ್ಲ. ಎಷ್ಟೋ ಕಾರು ಕಂಪನಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ, ಓಡಿಸುವ ರೀತಿ ನೋಡಿಕೊಂಡು, 80,000ದಿಂದ 1,20,000 ಕಿ.ಮೀ.ಗೆ ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುತ್ತದೆ. ಆದರೆ ಜಾರಲು ಶುರುವಾದ ಮೇಲೆ ಹೊಸ ಆಯಿಲ್ ಹಾಕಿದರೆ ಸವೆದ ಪ್ಲೇಟ್ ಮತ್ತೆ ಬೆಳೆಯುವುದಿಲ್ಲ. ಇನ್ನೊಂದು ಮಾತು. ಸಿವಿಟಿ (ಬಿಡಿ ಬಿಡಿ ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿ ಇರುವ ಆಟೋಮ್ಯಾಟಿಕ್) ಆಯಿಲ್ ಬೇರೆ, ಸಾಮಾನ್ಯ ಆಟೋಮ್ಯಾಟಿಕ್ ಆಯಿಲ್ ಬೇರೆ. ಕೈಪಿಡಿಯಲ್ಲಿ ಬರೆದಿರುವ ಗ್ರೇಡನ್ನೇ ಹಾಕಿಸಿ.

ತಡ, ನಡುಕ, ಮತ್ತು ಸಹಜವಾದದ್ದು

ನನ್ನ ಕಾರಿನಂತೆ ಡ್ರೈವ್ ಅಥವಾ ರಿವರ್ಸ್‌ಗೆ ಹಾಕಿದ ಮೇಲೆ ತಡವಾಗಿ ಕಚ್ಚುವುದು ಆಟೋಮ್ಯಾಟಿಕ್‌ನ ಹಳೆಯ ರೋಗ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕಚ್ಚಬೇಕು. ತಣ್ಣಗಿದ್ದಾಗ ಮಾತ್ರ ತಡ ಅಂದರೆ ಆಯಿಲ್ ಕಡಿಮೆ ಇರಬಹುದು, ಒಳಗಿನ ರಬ್ಬರ್ ಸೀಲ್‌ಗಳು ಗಟ್ಟಿಯಾಗಿರಬಹುದು, ರಾತ್ರಿ ನಿಂತಾಗ ಟಾರ್ಕ್ ಕನ್ವರ್ಟರ್‌ನಿಂದ ಆಯಿಲ್ ಕೆಳಗೆ ಇಳಿದಿರಬಹುದು. ಬಿಸಿಯಾದ ಮೇಲೆ ಮಾತ್ರ ತಡ ಅಂದರೆ ಇನ್ನೂ ಗಂಭೀರ. ಆಯಿಲ್ ತೆಳುವಾದಾಗ ಸವೆದ ಜಾಗಗಳಿಂದ ಪ್ರೆಶರ್ ಸೋರಿಹೋಗುತ್ತಿದೆ.

ನಡುಕಕ್ಕೂ ಒಂದು ಗುರುತಿದೆ. ಗಂಟೆಗೆ 50ರಿಂದ 80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ಹೋಗುವಾಗ, ರಸ್ತೆಯ ಸಣ್ಣ ಸಣ್ಣ ಉಬ್ಬುಗಳ ಮೇಲೆ ಓಡಿದ ಹಾಗೆ ಒಂದೆರಡು ಸೆಕೆಂಡ್ ಡರ್ರ್ ಅಂತ ನಡುಗಿ ನಿಲ್ಲುತ್ತದೆ. ಟಾರ್ಕ್ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್) ಕಚ್ಚುವಾಗ ಜಾರಿ ಜಾರಿ ಹಿಡಿಯುತ್ತಿರುವ ಲಕ್ಷಣ ಇದು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕೆಟ್ಟರೂ ಹೆಚ್ಚು ಕಡಿಮೆ ಹೀಗೇ ಅನಿಸುತ್ತದೆ. ಬ್ರೇಕ್ ಪೆಡಲ್ ಸ್ವಲ್ಪ ತಾಗಿದರೂ ಲಾಕಪ್ ಬಿಟ್ಟುಕೊಳ್ಳುತ್ತದೆ. ಅದರ ಜೊತೆ ನಡುಕವೂ ನಿಂತರೆ ಪ್ಲಗ್ ಅಲ್ಲ ಅಂತ ಮೆಕ್ಯಾನಿಕ್‌ಗೆ ಗೊತ್ತಾಗುತ್ತದೆ. ಶುರುವಿನಲ್ಲೇ ಹಿಡಿದರೆ ಬರೀ ಆಯಿಲ್ ಬದಲಾಯಿಸಿ ಸರಿಹೋಗುವುದೂ ಉಂಟು.

ಹಾಗಂತ ಎಲ್ಲವೂ ರೋಗವಲ್ಲ. ಎಎಂಟಿ ಅಂದರೆ ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ಮೋಟಾರು ಮಾಡುತ್ತದೆ ಅಷ್ಟೇ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುವುದು ಅದರ ಸ್ವಭಾವ. ಸಿವಿಟಿಯಲ್ಲಿ ಜೋರಾಗಿ ಒತ್ತಿದಾಗ ಎಂಜಿನ್ ಸದ್ದು ಒಂದೇ ಕಡೆ ನಿಂತು ವೇಗ ಆಮೇಲೆ ಏರುವುದೂ ಸಹಜ. ಆದರೆ ನಿಧಾನ ವೇಗದಲ್ಲಿ ನಡುಗಿದರೆ, ಮೊದಲು ಇಲ್ಲದ ಗುಂಯ್ ಸದ್ದು ಬಂದರೆ ತೋರಿಸಿ. ಡ್ಯುಯಲ್ ಕ್ಲಚ್‌ನಲ್ಲಿ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಟ್ರಾಫಿಕ್ಕಿನಲ್ಲಿ ತೆವಳುವಾಗ ಬರುವ ನಡುಕ ದಿನೇ ದಿನೇ ಜಾಸ್ತಿಯಾಗುತ್ತಿದೆಯಾ ಅಂತ ಗಮನಿಸಿ.

ಇದ್ದಕ್ಕಿದ್ದಂತೆ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ದೀಪ ಹತ್ತಿ, ವೇಗ ಏರದೇ ಇದ್ದರೆ ಅದನ್ನು ಲಿಂಪ್ ಮೋಡ್ ಅನ್ನುತ್ತಾರೆ. ಕಂಪ್ಯೂಟರ್ ಏನೋ ತಪ್ಪು ಕಂಡು ಗೇರ್‌ಬಾಕ್ಸನ್ನು ಕಾಪಾಡುತ್ತಿದೆ. ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಅಲ್ವಾ? ಆಗಲೂ ಸ್ಕ್ಯಾನ್ ಮಾಡಿಸಿ. ಪಿ0700 ಅನ್ನುವ ಕೋಡ್ ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ದೂರು ದಾಖಲಾಗಿದೆ ಅಂತ ಮಾತ್ರ ಅರ್ಥ. ನಿಜವಾದ ಕಾರಣ ಅದರ ಜೊತೆ ಇರುವ ಇನ್ನೊಂದು ಕೋಡ್‌ನಲ್ಲಿರುತ್ತದೆ. ಪಿ0700 ಒಂದನ್ನೇ ತೋರಿಸಿ ಗೇರ್‌ಬಾಕ್ಸ್ ಬದಲಿಸಬೇಕು ಅಂದರೆ ಒಪ್ಪಬೇಡಿ. ಇನ್ನು ಕಾರನ್ನು ಎಳೆಸಬೇಕಾಗಿ ಬಂದರೆ, ಆಟೋಮ್ಯಾಟಿಕ್ ಆಗಿದ್ದಲ್ಲಿ ಟ್ರಕ್ಕಿನ ಮೇಲೆ ಪೂರ್ತಿ ಹತ್ತಿಸಿಯೇ ಒಯ್ಯಿಸಿ. ಎಂಜಿನ್ ನಿಂತಿದ್ದರೆ ಸಾಮಾನ್ಯವಾಗಿ ಆಯಿಲ್ ಪಂಪೂ ನಿಂತಿರುತ್ತದೆ. ಚಕ್ರ ಉರುಳಿದರೆ ಒಳಗಿನದ್ದೆಲ್ಲ ಒಣಗಿಯೇ ತಿರುಗುತ್ತದೆ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

"ಏನೋ ಸದ್ದು ಬರುತ್ತೆ" ಅಂತ ಹೇಳಿದರೆ ಅವರು ಎಲ್ಲಿಂದ ಶುರು ಮಾಡಬೇಕು ಹೇಳಿ? ಈಗ ನಾನು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಯಾವ ಗೇರು, ಎಷ್ಟು ವೇಗ, ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಎಷ್ಟು ಸಲ ಆಯಿತು. ಸಾಧ್ಯವಾದರೆ ಪಕ್ಕದಲ್ಲಿ ಕೂತವರಿಂದ ಆರ್‌ಪಿಎಂ ಮುಳ್ಳು ಕಾಣುವ ಹಾಗೆ ಒಂದು ವಿಡಿಯೋ. ನಿಂತ ಜಾಗದಲ್ಲಿ ಹನಿ ಬಿದ್ದಿದೆಯಾ ಅಂತ ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡುತ್ತೇನೆ.

ತಣ್ಣಗಿದ್ದಾಗ ಮಾತ್ರ ಬರುವ ತೊಂದರೆಗೆ ಇನ್ನೊಂದು ಕಷ್ಟ ಇದೆ. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿರುತ್ತದೆ, ಏನೂ ಕಾಣುವುದಿಲ್ಲ. ನನಗೂ ಹಾಗೇ ಆಯಿತು. ಮೆಕ್ಯಾನಿಕ್ ಎರಡು ಸುತ್ತು ಓಡಿಸಿ ನೋಡಿ, ಕಾರು ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ನೋಡೋಣ ಅಂದರು. ಮರುದಿನ ನಾನು ಹೋಗುವವರೆಗೂ ಅವರು ಸ್ಟಾರ್ಟ್ ಮಾಡಿರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೀ ತಿರುಗಿಸಿ, ರಿವರ್ಸ್‌ಗೆ ಹಾಕಿದರು. ಕೂಡಲೇ ಕಚ್ಚಿತು. ಡ್ರೈವ್‌ಗೆ ಹಾಕಿದರು. ಸ್ಟೀರಿಂಗ್ ಮೇಲಿನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಒಂದು, ಎರಡು, ಮೂರು. ಎರಡು ತಿಂಗಳ ಹಿಂದೆ ನಾನು ಎಣಿಸಿದ್ದಾಗ ಅದು ಎರಡೇ ಇತ್ತು.